ಗೌರಿ ಹೂವಿನ ಎರಡು ಕೈ

ನೆನೆದ ಹತ್ತಿಗೆ ಒಂದು ವಾಸನೆ ಇದೆ. ಗಾದಿ ಹೊಲಿಯುವವರ ಮನೆಯಲ್ಲಿ ಹುಟ್ಟದವರಿಗೆ ಅದು ಗೊತ್ತಿರಲಿಕ್ಕಿಲ್ಲ. ಸ್ವಲ್ಪ ಮಣ್ಣು, ಸ್ವಲ್ಪ ತಲೆಎಣ್ಣೆ, ಯಾರೋ ಬಹಳ ವರ್ಷ ಮಲಗಿ ಎದ್ದ ದಿಂಬಿನ ಮುಗ್ಗಲು, ಎಲ್ಲ ಸೇರಿದ ವಾಸನೆ. ಹೋದ ಬೇಸಿಗೆಯಲ್ಲಿ ಗಂಗಾವತಿಯ ನಮ್ಮ ಮಾಳಿಗೆ ಮೇಲೆ ಮಲ್ಲಿಗೆ ಕುಂಡ ಒಣಗುತ್ತಿತ್ತು. ಹಳೇ ದಿಂಬು ಹರಿದು ಅದರ ಬುಡಕ್ಕೆ ಹತ್ತಿ ಹೊದಿಸಿ, ಮೇಲೆ ನೀರು ಹನಿಸಿದೆ. ವಾಸನೆ ಎದ್ದಿತು ನೋಡಿ, ಕೈಯಲ್ಲಿ ತಂಬಿಗೆ ಹಿಡಿದುಕೊಂಡು ಹಾಗೇ ಕುಂತುಬಿಟ್ಟೆ. ಕೆಳಗಿಂದ ಮಗಳು ಕೂಗಿದಳಂತೆ, ನನಗೆ ಕೇಳಿಸಲೇ ಇಲ್ಲ. ನಾನು ಕೊಪ್ಪಳದಲ್ಲಿ, ನಮ್ಮ ಅಮ್ಮನ ಹಿತ್ತಲಲ್ಲಿದ್ದೆ. ಅಮ್ಮ ಅಂದರೆ ಅಪ್ಪನ ತಾಯಿ. ನಮ್ಮನ್ನು ಹಡೆದವಳಿಗೆ ನಾವು ಅವ್ವ ಅಂತೀವಿ.

ಕೊಪ್ಪಳದ ಬಿಸಿಲು ನಿಮಗೆ ಗೊತ್ತಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಗುಡ್ಡದ ಬಂಡೆಗಳು ಹಗಲೆಲ್ಲ ಕಾದು, ಸಂಜೆಗೆ ಆ ಕಾವನ್ನೆಲ್ಲ ಊರಿಗೆ ವಾಪಸು ಕೊಡುತ್ತವೆ. ಅಮ್ಮ ಮರಳಿ ಅನ್ನುವ ಹಳ್ಳಿಯವಳು, ಕಾಲುವೆ ನೀರು ಭತ್ತದ ಗದ್ದೆಗೆ ತಾನಾಗೇ ಬರುವ ಊರಿನ ಹುಡುಗಿ. ಮದುವೆಯಾಗಿ ಈ ಕೆಂಪು ಮಸಾರಿ ನೆಲಕ್ಕೆ ಬಂದವಳು ಅಳುತ್ತ ಕೂಡುವ ಬದಲು ಹಿತ್ತಲು ಅಗೆಯತೊಡಗಿದಳು. ದುಂಡುಮಲ್ಲಿಗೆ, ಅಬ್ಬಲಿಗೆ, ದಾಸವಾಳ, ಕಣಗಿಲೆ ಹಚ್ಚಿದಳು. ಒಂದು ಹಬ್ಬಕ್ಕೆ ಹೂ ಬಿಟ್ಟು ಸಾಯುವ ಗಿಡ ಆಕೆಗೆ ಸೇರುತ್ತಿರಲಿಲ್ಲ. "ನೆಂಟರಂಗ ಬಂದು ಹೋಗೂವು ನನಗ ಬ್ಯಾಡ, ಮನಿ ಮಂದಿಯಂಗ ಇರೂವು ಬೇಕು" ಅನ್ನುತ್ತಿದ್ದಳು. ಗುಡ್ಡದ ಬದಿಯಿಂದ ತಾವಾಗಿ ಬಂದ ತುಂಬೆ ಹೂವನ್ನೂ ಹಳದಿ ಆವರಿಕೆಯನ್ನೂ ಕಸವೆಂದು ಕೀಳುತ್ತಿರಲಿಲ್ಲ. ದೀಪಾವಳಿಗೆ ಪಕ್ಕದ ಮನೆಯ ಬಸವ್ವ ಸಗಣಿಯ ಪಾಂಡವರನ್ನು ಮಾಡಿ, ಅವರ ತಲೆಗೆ ಸಿಗಿಸಲು ನಮ್ಮ ಆವರಿಕೆಯನ್ನೇ ಒಯ್ಯುತ್ತಿದ್ದಳು.

ತಾಪತ್ರಯವೆಲ್ಲ ನೀರಿನದು. ನಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಅಜ್ಜನ ವಜೂ ನೀರೇ ನಮ್ಮ ಗಿಡಗಳ ನೀರು. ನಮಾಜಿಗೆ ಮೊದಲು ಕೈ, ಬಾಯಿ, ಮುಖ, ಕಾಲು ತೊಳೆಯುತ್ತಾರಲ್ಲ, ಅದಕ್ಕೆ ಅಜ್ಜ ಬಚ್ಚಲಿಗೆ ಹೋಗುವಂತಿರಲಿಲ್ಲ. ಗಿಡಗಿಡದ ಬುಡಕ್ಕೂ ಅಮ್ಮ ಒಂದೊಂದು ಕೂಡುವ ಕಲ್ಲು ಹಾಕಿಸಿದ್ದಳು. ನಸುಕಿನ ನಮಾಜಿಗೆ ಮಲ್ಲಿಗೆಯ ಕಲ್ಲು, ಮಧ್ಯಾಹ್ನಕ್ಕೆ ದಾಸವಾಳದ್ದು, ಹೀಗೆ ಐದೂ ಹೊತ್ತಿಗೆ ಐದು ಜಾಗ. ನಡುವೆ ಆಕೆಯ ಹುಕುಂ ಬರುತ್ತಿತ್ತು: "ಅಬ್ಬಲಗಿ ಬಾಡೇತ್ರಿ, ಈ ಹೊತ್ತು ಅಲ್ಲೆ ಕುಂದರ್ರಿ." ಅಜ್ಜ ತಂಬಿಗೆ ಎತ್ತಿಕೊಂಡು ಆ ಕಲ್ಲಿಗೆ ಹೋಗುತ್ತ, "ದೇವರ ಕಡೆ ಹೋಗೋ ಹಾದೀನೂ ನಿನ್ನ ಗಿಡದ ಬುಡಕ್ಕ ಹಾದು ಹೋಗಬೇಕೇನ?" ಅಂತ ನಗುತ್ತಿದ್ದರು. ಬಿದ್ದ ನೀರು ಆರಬಾರದೆಂದು ಬುಡಕ್ಕೆಲ್ಲ ಹಳೇ ಗಾದಿಗಳಿಂದ ತೆಗೆದ, ಇನ್ನು ಯಾತಕ್ಕೂ ಬಾರದ ಹತ್ತಿ. ಕಲ್ಲು ಕಾಯುವ ಬಿಸಿಲಲ್ಲೂ ಅದರಡಿ ಬೆರಳಿಟ್ಟರೆ ತಣ್ಣಗಿರುತ್ತಿತ್ತು.

ಒಂದು ಮೂಲೆಗೆ ಮಾತ್ರ ಕೂಡುವ ಕಲ್ಲು ಇರಲಿಲ್ಲ. ಅದು ಗೌರಿ ಹೂವಿನ ಮೂಲೆ. ಪುಸ್ತಕದಲ್ಲಿ ಅಗ್ನಿಶಿಖೆ ಅಂತ ಬರೆದಿರುತ್ತಾರೆ. ಎಸಳುಗಳು ಮೇಲಕ್ಕೆ ಮಡಚಿಕೊಂಡು, ಹಳದಿಯಿಂದ ಕೆಂಪಿಗೆ ತಿರುಗುವ ಕಾಡು ಬಳ್ಳಿ. ಮಳೆ ಬಿದ್ದಾಗ ಏಳುತ್ತದೆ, ಚಳಿಗೆ ಒಣಗುತ್ತದೆ, ಬೇಸಿಗೆ ತುಂಬ ನೆಲದೊಳಗೆ ಗಡ್ಡೆಯಾಗಿ ಮಲಗಿರುತ್ತದೆ. ಆಗ ನೀರು ಕೊಟ್ಟರೆ ಕೊಳೆಯುತ್ತದೆ. ಗಡ್ಡೆ ವಿಷ, ಹಾಗಾಗಿ ನಮಗೂ ಆ ಕಡೆ ಹೋಗಲು ಬಿಡುತ್ತಿರಲಿಲ್ಲ. ಅಮ್ಮ ಅದನ್ನು ಹೂ ಅನ್ನುತ್ತಲೂ ಇರಲಿಲ್ಲ, ಗೌರಿ ಅನ್ನುತ್ತಲೂ ಇರಲಿಲ್ಲ. ಬಾನು ಅನ್ನುತ್ತಿದ್ದಳು.

ಬಾನು ನಮ್ಮ ಅಪ್ಪನ ತಂಗಿ. ಮಾತು ಇನ್ನೂ ತೊದಲುತ್ತಿರುವಾಗಲೇ ಜ್ವರ ಬಂದು ತೀರಿಕೊಂಡಳಂತೆ. ನನಗೆ ಅತ್ತೆ ಆಗಬೇಕಾದವಳು, ನನಗಿಂತ ಸಣ್ಣವಳಾಗಿಯೇ ಉಳಿದಳು. ನಮ್ಮ ಮನೆತನದಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಮಗಳನ್ನು ಎಲ್ಲಿ ಮಲಗಿಸಿದ್ದಾರೆ ಅಂತ ಅಮ್ಮ ಕಣ್ಣಿಂದ ಕಂಡವಳಲ್ಲ. ಊಟ ಬಿಟ್ಟು ಗೋಡೆ ನೋಡುತ್ತ ಕೂತಿದ್ದ ಆ ದಿನಗಳಲ್ಲಿ, ಗಾದಿಗೆ ಹತ್ತಿ ಬಡಿಯಲು ತಳಕಲ್ ಕಡೆ ಹೋಗಿದ್ದ ಅಜ್ಜ ಬೇಲಿಯೊಂದರ ಬುಡದಿಂದ ಆ ಗಡ್ಡೆ ತಂದರು. ಗೌರಿ ಹೂವಿನ ಗಡ್ಡೆಗೆ ಬಿಚ್ಚಿದ ಕತ್ತರಿಯ ಹಾಗೆ ಎರಡು ಕೈ. ನಡುವೆ ಮುರಿದರೆ ಎರಡು ಬಳ್ಳಿ. ಅಜ್ಜ ಮುರಿದು, ಒಂದು ಕೈಯನ್ನು ಬಾನುವಿನ ಗೋರಿ ಮೇಲೆ ಊರಿ, ಇನ್ನೊಂದನ್ನು ಹಿತ್ತಲಿಗೆ ತಂದರು. "ಎರಡೂ ಒಂದ ಗಡ್ಡಿ. ಇಲ್ಲೆ ಎದ್ದರ ಅಲ್ಲೂ ಎದ್ದಾಳಂತ ತಿಳ್ಕೊ" ಅಂದರಂತೆ. ಅವತ್ತು ಅಮ್ಮ ಉಂಡಳು.

ಅಂದಿನಿಂದ ಪ್ರತಿ ಮುಂಗಾರಿಗೂ ಅಮ್ಮ ಆ ಮೂಲೆಯ ಹತ್ತಿ ಸರಿಸಿ ನೋಡುವಳು. ಹಸಿರು ಮೊಳಕೆ ಕಂಡ ದಿನ ಮುಖವೇ ಬೇರೆ. "ಬಂದೈತ್ರಿ" ಅನ್ನುವಳು. ಅಜ್ಜ ಶುಕ್ರವಾರದ ನಮಾಜು ಮುಗಿಸಿ ಖಬರಸ್ತಾನಕ್ಕೆ ಹೋಗಿ ಬಂದು, ಟೋಪಿ ಗೂಟಕ್ಕೆ ಹಾಕುತ್ತ, "ಬಂದೈತಿ" ಅನ್ನುವರು. ಅಷ್ಟೇ ಮಾತು.

ಒಂದು ಮಳೆಗಾಲ ಅಮ್ಮ ಹಿತ್ತಲ ಕೆಸರಿನಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಳು. ಅಜ್ಜನ ಮನಸ್ಸಿಗೆ ಅದು ಎಷ್ಟು ಹತ್ತಿತೆಂದರೆ, ಮುಂದಿನ ಬೇಸಿಗೆ ಆಕೆ ತವರಿನ ಮದುವೆಗೆ ಮರಳಿಗೆ ಹೋದಾಗ ಗೌಂಡಿಯನ್ನು ಕರೆಸಿ ಹಿತ್ತಲಿಗೆಲ್ಲ ಫರಸಿ ಕಲ್ಲು ಹಾಸಿಸಿದರು. ಬಂದಾಗ ಬೆರಗಾಗಲಿ ಅಂತ ನಮಗೆಲ್ಲ ಬಾಯಿ ಬಿಡದಂತೆ ಹೇಳಿದ್ದರು. ಗಿಡಗಳಿಗೆ ಜಾಗ ಬಿಡಿಸಲು ತಾವೇ ಗೌಂಡಿಯ ಬೆನ್ನು ಹತ್ತಿ ಓಡಾಡಿದರು: ಇದು ಮುಂಜಾನೆಯ ಜಾಗ, ಇದು ಮಧ್ಯಾಹ್ನದ್ದು, ಇಲ್ಲಿ ಸಂಜೆ ಕೂಡತೇನಿ. ಅಜ್ಜನಿಗೆ ಹಿತ್ತಲು ನೆನಪಿದ್ದದ್ದು ವಜೂ ಮಾಡುವ ಜಾಗಗಳಿಂದ. ಗೌರಿಯ ಮೂಲೆಯಲ್ಲಿ ಎಂದೂ ಕೂತವರಲ್ಲ. ಬೇಸಿಗೆಗೆ ಅಲ್ಲಿ ಒಣ ಹತ್ತಿ ಬಿಟ್ಟರೆ ಒಂದು ಕಡ್ಡಿಯೂ ಇರಲಿಲ್ಲ. ಗೌಂಡಿ ಹತ್ತಿ ಗುಡಿಸಿ, ಜಲ್ಲಿಕಲ್ಲಿನ ಖಡಿ ಹಾಕಿ ಬಡಿದು, ಸಿಮೆಂಟು ಸುರಿದು ಕಲ್ಲು ಕೂಡಿಸಿದ.

ಮರಳಿಯಿಂದ ಬಂದ ಅಮ್ಮ ಬರಿಗಾಲಲ್ಲಿ ಫರಸಿಯ ಮೇಲೆ ಓಡಾಡಿದಳು. "ಛಲೋ ಆಗೈತ್ರಿ" ಅಂದಳು. ಮಲ್ಲಿಗೆ ಮುಟ್ಟಿದಳು, ಕಣಗಿಲೆ ಮುಟ್ಟಿದಳು, ಮೂಲೆಗೆ ಹೋಗಿ ನಿಂತಳು. ಬಹಳ ಮೆಲ್ಲಗೆ, "ಇಲ್ಲೆ ನನ್ನ ಬಾನು ಇದ್ಲಲ್ರಿ" ಅಂದಳು.

ಅಜ್ಜನ ಮುಖ ನಾನು ಇವತ್ತಿಗೂ ಮರೆತಿಲ್ಲ. ಹಾರೆ ತಂದು ತಾವೇ ಕಲ್ಲು ಎಬ್ಬಿಸಿದರು. ಗಡ್ಡೆ ಖಡಿಯೊಳಗೆ ಜಜ್ಜಿಹೋಗಿತ್ತು. ಅದರ ಚೂರು ಅಂಗೈಯಲ್ಲಿ ಹಿಡಿದುಕೊಂಡು ಕೂತವರು, "ಗೋರಿ ಮ್ಯಾಲಿಂದ ಅರ್ಧ ಮುರಕೊಂಡು ಬರ್ತೇನಿ" ಅಂದರು. ಅಮ್ಮ ಬೇಡವೆಂದಳು. "ಗೋರಿ ಮ್ಯಾಲೆ ಹಸರು ಇರೂತನಕ ಮಲಗಿದವರಿಗೆ ತಂಪಂತ. ಅಕಿ ತಂಪು ಕಿತ್ತು ನನಗ ತರಬ್ಯಾಡ್ರಿ." ತಳಕಲ್ಲಿಂದ ಬೇರೆ ಗಡ್ಡೆ ತರುವ ಮಾತಿಗೂ ಒಪ್ಪಲಿಲ್ಲ. ಅದು ಬೇರೆ ಮನೆಯದು ಅಂದಳು. ಬೈಯಲಿಲ್ಲ, ಅಳಲಿಲ್ಲ. ಅಜ್ಜನ ಕೈಗೆ ನೀರು ಹಾಕಿ ತೊಳೆಸಿದಳು, ವಿಷದ ಗಡ್ಡೆ ಅಂತ.

ಆಮೇಲೆ ಆಕೆಗೆ ಉಳಿದದ್ದು ಅಜ್ಜನ ಬಾಯಿ ಮಾತೊಂದೇ. ಮಳೆ ಬಿದ್ದ ಮೇಲೆ ಶುಕ್ರವಾರ ಬಾಗಿಲಲ್ಲಿ ಕಾಯುವಳು. ಅಜ್ಜ "ಬಂದೈತಿ" ಅಂದರೆ ಒಳಗೆ ಹೋಗಿ ಚಹಾಕ್ಕೆ ಇಡುವಳು. ಕೆಲವು ವರ್ಷ ಹೀಗೇ ನಡೆಯಿತು. ಆಮೇಲೊಂದು ಶುಕ್ರವಾರ ನಾನೂ ಅಜ್ಜನ ಜೊತೆ ಹೋದೆ, ಸಣ್ಣ ಹುಡುಗಿಯರಿಗೆ ಅಡ್ಡಿ ಇರಲಿಲ್ಲ. ಖಬರಸ್ತಾನದ ಮುಳ್ಳುಕಂಟಿ ತೆಗೆಸಲು ಯಾರೋ ಜೆಸಿಬಿ ಬಿಡಿಸಿದ್ದರು. ಬಾನುವಿನ ಗೋರಿಯ ಕಲ್ಲು ಇತ್ತು, ಸುತ್ತಲ ನೆಲ ಅಂಗೈ ಹಾಗೆ ಬೋಳು. ಅಜ್ಜ ಮೊಣಕಾಲೂರಿ ಬೆರಳಲ್ಲಿ ಮಣ್ಣು ಕೆದರಿ ಕೆದರಿ ನೋಡಿದರು. ಗಡ್ಡೆಯ ಒಂದು ಚೂರೂ ಸಿಗಲಿಲ್ಲ.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅಜ್ಜ ಟೋಪಿ ತೆಗೆಯುತ್ತ, "ಬಂದೈತಿ. ಗೇಣುದ್ದ ಆಗೈತಿ. ಎರಡ ಎಲಿ ಬಿಟ್ಟೈತಿ" ಅಂದರು.

"ಛಲೋ ಆತು ಬಿಡ್ರಿ" ಅಂದಳು ಅಮ್ಮ.

ಸಂಜೆ ಅಬ್ಬಲಿಗೆ ಕಟ್ಟುತ್ತ ಕೂತಾಗ ನಾನು ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆಕೆಯೇ ದಾರ ಎಳೆಯುತ್ತ ಅಂದಳು: "ನಿಮ್ಮಜ್ಜ ಗಾದಿಗೆ ಅಳತಿ ಹಿಡಿಯೋ ಮನಶ್ಯಾ, ಯವ್ವಾ. ಖರೇ ಇದ್ದಾಗ ಒಂದ ಮಾತು ಹೇಳ್ತಾರ. ಇಲ್ಲದಾಗ ಅಳತಿ ಹೇಳ್ತಾರ." ಅಜ್ಜನ ಮುಂದೆ ಇದನ್ನು ಆಡಬೇಡ ಅಂತಲೂ ಹೇಳಿದಳು. ಅಜ್ಜ ಇರುವತನಕ ಪ್ರತಿ ಮುಂಗಾರಿಗೂ ಅಳತೆ ಹೇಳಿದರು, ಅಮ್ಮ ಪ್ರತಿ ಸಲವೂ ಛಲೋ ಆತು ಅಂದಳು.

ಈಗ ಆ ಮನೆ ಇಲ್ಲ, ಮಾರಿ ಹಂಚಿಕೊಂಡದ್ದಾಯಿತು. ಫೋಮಿನ ಗಾದಿ ಬಂದ ಮೇಲೆ ಹತ್ತಿ ಬಡಿಸುವವರೂ ಇಲ್ಲ. ಅಜ್ಜ ಮೊದಲು ಹೋದರು. ಅಮ್ಮ ಖಬರಸ್ತಾನಕ್ಕೆ ಮೊದಲ ಸಲ ಹೋದದ್ದು ನಾಲ್ಕು ಮಂದಿಯ ಹೆಗಲ ಮೇಲೆ. ಬಾನುವಿನ ಮಗ್ಗುಲಲ್ಲೇ ಜಾಗ ಸಿಕ್ಕಿತಂತೆ. ನನಗೂ ಅದು ಬರೀ ಕೇಳಿದ ಮಾತು. ದೊಡ್ಡವಳಾದ ಮೇಲೆ ಈಗ ನಾನೂ ಹೋಗುವಂತಿಲ್ಲವಲ್ಲ.

ದಿಂಬಿನ ಹತ್ತಿ ಹೊದಿಸಿದ ಆ ಬೇಸಿಗೆಯಲ್ಲೇ ತಳಕಲ್ ಕಡೆಯಿಂದ ಒಂದು ಗಡ್ಡೆ ತರಿಸಿದೆ. ಬೇರೆ ಮನೆಯದು ಅಂತ ಅಮ್ಮ ಬೈದರೆ ಬೈಯಲಿ ಅಂತ ನಡುವೆ ಮುರಿದು, ಒಂದು ಕೈಯನ್ನು ಅಮ್ಮನ ಗೋರಿಗೆ ಅಂತ ಕೊಪ್ಪಳದಲ್ಲಿರುವ ಅಪ್ಪನಿಗೆ ಕೊಟ್ಟೆ. ಇನ್ನೊಂದನ್ನು ಬೇರೊಂದು ಕುಂಡದಲ್ಲಿ ಊರಿ, ಮೇಲೆ ಒಣ ಹತ್ತಿ ಹೊದಿಸಿದೆ. ಮುಂಗಾರು ಬಂದ ವಾರ ಹತ್ತಿಯ ಸಂದಿಯಿಂದ ಹಸಿರು ಮೂಗು ತೋರಿಸಿತು. ಫೋನು ಹಚ್ಚಿ, "ಇಲ್ಲೆ ಬಂದೈತಪ್ಪಾ, ಅಲ್ಲೆ?" ಅಂದೆ.

ಅಪ್ಪ "ಬಂದೈತವ್ವಾ" ಅಂದರು. "ಗೇಣುದ್ದ ಆಗೈತಿ ನೋಡು. ಎಲಿ ಮೂರು ಅದಾವ."

ನಾನು ಕುಂಡದ ಹತ್ತಿ ಸರಿಮಾಡುತ್ತ, "ಛಲೋ ಆತು ಬಿಡಪ್ಪಾ" ಅಂದೆ.