ಒಂದು ಕೆಂಪೆಲೆಯ ಪರ ಮತ್ತು ವಿರೋಧ

ಆ ವರ್ಷ ನ್ಯೂಜೆರ್ಸಿಯ ಪಿಸ್ಕಾಟವೇಯ ಸುತ್ತಮುತ್ತ ನನಗೆ ಗೊತ್ತಿದ್ದ ಕನ್ನಡಿಗರೆಲ್ಲ ಕಂಪ್ಯೂಟರುಗಳಿಗೆ ಎರಡು ಸಾವಿರದ ಇಸವಿಯನ್ನು ಕಲಿಸುವ ಕೆಲಸದಲ್ಲಿದ್ದರು. ನಾನೊಬ್ಬಳು ಕಡಲಪಾಚಿಯ ಹಿಂದೆ ಬಿದ್ದಿದ್ದೆ. ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಮುಗಿಯುತ್ತ ಬಂದಿತ್ತು. ನಮ್ಮ ಪ್ರೊಫೆಸರ್ ಪ್ರತಿ ಬೇಸಿಗೆ ಮೇನ್ ರಾಜ್ಯದ ಕರಾವಳಿಯಾಚೆ, ಮನುಷ್ಯರು ವಾಸವಿಲ್ಲದ ಉತ್ತರದ ದ್ವೀಪಗಳಿಗೆ ಹೋಗಿ ಯಾವ ಬಂಡೆಯ ಮೇಲೆ ಯಾವ ಜಾತಿಯ ಪಾಚಿ ಇದೆ ಎಂದು ಸಮೀಕ್ಷೆ ಮಾಡುತ್ತಿದ್ದರು. ಜತೆಗೆ ಒಬ್ಬ ವಿದ್ಯಾರ್ಥಿಗೆ ಮಾತ್ರ ಜಾಗ. ಆ ಬೇಸಿಗೆ ಅದು ನನ್ನದಾಗಿತ್ತು. ಮುಂದಿನ ಬೇಸಿಗೆಗಳೂ ನನ್ನದೇ ಆಗಬೇಕಾದರೆ ಅಕ್ಟೋಬರಿನಲ್ಲಿ ಕಮಿಟಿಯ ಮುಂದೆ ನಾನು ಕೊಡುವ ಭಾಷಣ ಗೆಲ್ಲಬೇಕಿತ್ತು. ಗೆದ್ದರೆ ಪಿಎಚ್.ಡಿ., ದ್ವೀಪ. ಸೋತರೆ ಮಾಸ್ಟರ್ಸ್ ಪದವಿ ಕೈಗಿತ್ತು ಶುಭವಾಗಲಿ ಎನ್ನುತ್ತಾರೆ. ವಿದ್ಯಾರ್ಥಿ ವೀಸಾದ ಮೇಲಿರುವ ಯಾರಿಗೂ ಆ ಶುಭವಾಗಲಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಭಾಷಣದ ವಿಷಯದಲ್ಲಿ ನನಗೆ ಅಂಜಿಕೆಯಿರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯಲ್ಲೇ ಬೆಳೆದವಳು. ವಿಷಯ ಮೊದಲೇ ಗೊತ್ತಿರುತ್ತಿತ್ತು. ಪರವೋ ವಿರೋಧವೋ ಎಂಬುದು ವೇದಿಕೆ ಹತ್ತುವ ಮುಂಚೆ ಚೀಟಿ ಎತ್ತಿದಾಗಲೇ ತಿಳಿಯುವುದು. ಎರಡೂ ಕಡೆಯಿಂದ ಷೀಲ್ಡ್ ತಂದವಳಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಯಾರು ಏನೇ ಹೇಳಲಿ, ಅದರ ಎದುರುವಾದ ತಲೆಯಲ್ಲಿ ತಾನಾಗಿ ಎದ್ದು ನಿಲ್ಲುತ್ತದೆ. ಜಾತಕ, ಶೇರು ಮಾರುಕಟ್ಟೆ, ನಾಡಿದ್ದು ಹಿಮ ಬೀಳುತ್ತದೆಂಬ ಟಿವಿಯ ಹುಡುಗಿ, ಯಾರನ್ನೂ ನಂಬಲಾಗುವುದಿಲ್ಲ. ಪಾಚಿಯ ಕಡೆಗೆ ನನ್ನನ್ನು ಎಳೆದದ್ದೂ ಬಹುಶಃ ಇದೇ. ಬಂಡೆಯ ಮೇಲೆ ಅದು ಇರುತ್ತದೆ ಇಲ್ಲವೇ ಇರುವುದಿಲ್ಲ, ವಾದಕ್ಕೆ ಜಾಗವೇ ಇಲ್ಲ ಎಂದುಕೊಂಡಿದ್ದೆ.

ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿಗೆ ದೋಸೆಗಾಗಿ ಹೋಗುತ್ತಿದ್ದೆ. ದೇವರಿಗಾಗಿ ಅಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಅಲ್ಲಿ ಒಬ್ಬರು ಅಂಕಲ್ ಪ್ರತಿ ಸಲ ಹಿಡಿದು ನಿಲ್ಲಿಸುತ್ತಿದ್ದರು.

"ಪಾಚಿ ಅಂದ್ರೆ, ನಮ್ಮ ಬಾತ್‌ರೂಮಲ್ಲಿ ಕಟ್ಟುತ್ತಲ್ಲಮ್ಮ, ಅದಾ?"

"ಅದರ ದೊಡ್ಡಣ್ಣ ಅಂಕಲ್."

"ಅದಕ್ಕೆ ಅಮೆರಿಕಾಗೆ ಬರಬೇಕಿತ್ತಾ?"

"ನೀವು ತಿನ್ನೋ ಐಸ್‌ಕ್ರೀಮ್ ನೀರಾಗದೆ ನಿಂತಿರುತ್ತಲ್ಲ, ಅದು ಪಾಚಿಯ ಸಾರದಿಂದ."

ಅಂಕಲ್ ಗಾಬರಿಯಾದರು. "ವೆಜಿಟೇರಿಯನ್ ತಾನೆ?"

"ನಿಮಗಿಂತ ಶುದ್ಧ."

"ಮಾತಿಗೇನೂ ಕಮ್ಮಿ ಇಲ್ಲ. ಒಂದು ಜಾವಾ ಕೋರ್ಸ್ ಮಾಡ್ಕೊಂಡು ಬಾ, ನಮ್ಮ ಕಂಪನೀಲೇ ಪ್ಲೇಸ್ ಮಾಡಿಸ್ತೀನಿ. ಪಾಚಿ ಎಲ್ಲೂ ಓಡಿಹೋಗಲ್ಲ."

ಓಡಿಹೋಗುತ್ತದೆ ಎಂಬುದೇ ನನ್ನ ಭಾಷಣದ ತಿರುಳಾಗಿತ್ತು.

ದ್ವೀಪದಲ್ಲಿ ಕೆಲಸ ನೀರಿನ ಲೆಕ್ಕದ ಪ್ರಕಾರ ನಡೆಯುತ್ತದೆ. ಸಮುದ್ರ ಇಳಿದಾಗ ಬಂಡೆಗೆ ಇಳಿಯಬೇಕು. ಪ್ಲಾಸ್ಟಿಕ್ ಕೊಳವೆಯ ಚೌಕಟ್ಟನ್ನು ಬಂಡೆಯ ಮೇಲಿಟ್ಟು, ಅದರೊಳಗೆ ಸಿಕ್ಕ ಪಾಚಿಯನ್ನೆಲ್ಲ ಗುರುತಿಸಿ, ಗುರುತಾಗದ್ದನ್ನು ಕವರಿಗೆ ತುಂಬಿ ಮುಂದಕ್ಕೆ ಸರಿಯಬೇಕು. ಕಂದು ಪಾಚಿ ಒದ್ದೆ ಕೂದಲಿನ ರಾಶಿಯಂತೆ ಬಿದ್ದಿರುತ್ತದೆ, ಕಾಲಿಟ್ಟರೆ ಜಾರಿ ಕೆಳಗೆ. ಅದನ್ನು ಎತ್ತಿದರೆ ಅಡಿಯಲ್ಲಿ ಕೆಂಪಿನವು. ನೀರು ಮತ್ತೆ ಏರಿತೆಂದರೆ ಗುಡಿಸಲಿಗೆ ಹೋಗಿ ಕಾಯಬೇಕು. ಕಾಯುವುದು ನನಗೆ ಬರುವುದಿಲ್ಲ. ಪ್ರೊಫೆಸರ್ ಕಿಟಕಿಯ ಬಳಿ ಕುಳಿತು ಉಣ್ಣೆ ಹೆಣೆಯುತ್ತಿದ್ದರು; ನಾನು ಬಾಗಿಲಿಗೂ ಒಲೆಗೂ ನಡುವೆ ಶತಪಥ ತಿರುಗುತ್ತ, ಅವರು ಏನು ಹೇಳಿದರೂ ಅಲ್ಲ ಎನ್ನುತ್ತಿದ್ದೆ. ಒಂದು ಸಂಜೆ ಅವರು, ನಿನಗೆ ಹೌದು ಎನ್ನುವ ಶಬ್ದ ನಿಮ್ಮ ಭಾಷೆಯಲ್ಲಾದರೂ ಇದೆಯೇ ಎಂದು ಕೇಳಿದರು.

ಅಲ್ಲಿಂದ ಹೊರಡುವ ಮುಂಚಿನ ದಿನ ಆ ಎಲೆ ಸಿಕ್ಕಿತು. ಬಂಡೆಯ ತೀರಾ ಕೆಳಗಿನ ಸೀಳಿನಲ್ಲಿ ಕೈಹಾಕಿ ಒಂದು ಹಿಡಿ ಕೆಂಪು ಪಾಚಿ ಕಿತ್ತು, ಸಮುದ್ರದ ನೀರಿನ ಜತೆ ಕವರಿಗೆ ತುಂಬಿದ್ದೆ. ಗುಡಿಸಲ ಮುಂದೆ ಕವರನ್ನು ಬೆಳಕಿಗೆ ಹಿಡಿದರೆ ಉಳಿದವುಗಳ ನಡುವೆ ಬೆರಳಗಲದ ಒಂದು ಎಲೆ ತೇಲುತ್ತಿತ್ತು. ಗುಲಾಬಿ ಕೆಂಪು, ರೇಷ್ಮೆಗಿಂತ ತೆಳು, ನಡುವೆ ಒಂದೇ ಒಂದು ನರ. ನಾನು ಅದನ್ನು ಬಲ್ಲೆ. ಅದು ನ್ಯೂಜೆರ್ಸಿಯ ಬೆಚ್ಚನೆಯ ನೀರಿನ ಜಾತಿ. ಅಷ್ಟು ಉತ್ತರದ ತಣ್ಣೀರಿನಲ್ಲಿ ಅದಕ್ಕೆ ಕೆಲಸವೇ ಇಲ್ಲ. ಇದೆ ಎಂದಾದರೆ ಸಮುದ್ರ ಬಿಸಿಯಾಗುತ್ತಿದೆ, ದಕ್ಷಿಣದ ಜಾತಿ ಉತ್ತರಕ್ಕೆ ನಡೆಯತೊಡಗಿದೆ ಎಂದಾಯಿತು. ಕವರನ್ನು ಬಂಡೆಯ ಮೇಲಿಟ್ಟು ಫೋಟೋ ತೆಗೆದೆ. ಪ್ರೊಫೆಸರ್ ಕನ್ನಡಕ ಏರಿಸಿ ನೋಡಿ, ಕುತೂಹಲಕರ ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಮನೆಯಲ್ಲಿ ನನ್ನ ಜತೆ ಬಾಡಿಗೆ ಹಂಚಿಕೊಂಡಿದ್ದವರು ಧಾರವಾಡದವರು, ನಾನು ಅಕ್ಕ ಎನ್ನುತ್ತಿದ್ದೆ. ಸೀಕಾಕಸ್‌ನಲ್ಲಿ ಗೋದಾಮುಗಳ ನಡುವಿನ ಒಂದು ಆಫೀಸಿನಲ್ಲಿ ಟೆಸ್ಟರ್ ಆಗಿದ್ದರು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ಅವರ ಉದ್ಯೋಗ. ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಯೂನಿವರ್ಸಿಟಿಯ ಪ್ರೊಜೆಕ್ಟರ್ ತಂದು, ಮಲಗುವ ಕೋಣೆಯ ಪರದೆ ಎಳೆದು, ಗೋಡೆಯ ಮೇಲೆ ಸ್ಲೈಡು ಹಾಕಿ ಅವರನ್ನು ಎದುರು ಕೂರಿಸಿದೆ.

"ನಾ ಏನ್ ಕೇಳಬೇಕವಾ? ನನಗೇನ್ ತಿಳೀತದ ನಿನ್ನ ಪಾಚಿ?"

"ಏನಾದ್ರೂ ಕೇಳಿ ಅಕ್ಕಾ. ನೀವು ವಿರೋಧ ಪಕ್ಷ. ನನ್ನನ್ನ ಸೋಲಿಸಬೇಕು ಅಷ್ಟೆ."

"ಸೋಲಸೂದಾ? ಮನೀ ಬಾಡಿಗಿ ಮಾತಾಡೂಮುಂದ ಆ ಮ್ಯಾನೇಜರ್‌ನ್ನ ಅಳಸಿದ್ದಿ ನೀ." ಒಂದು ತಟ್ಟೆ ಚುರುಮುರಿ ಮಡಿಲಲ್ಲಿಟ್ಟುಕೊಂಡು ಕುಳಿತರು. "ಹೂಂ, ನಡಸು."

ನಡೆಸಿದೆ. ಚೆನ್ನಾಗಿಯೇ ನಡೆಯಿತು. ಕೆಂಪೆಲೆಯ ಸ್ಲೈಡು ಬಂತು, ಗೋಡೆಯ ತುಂಬ ಗುಲಾಬಿ ಬಣ್ಣ. ಅಕ್ಕನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು.

"ನಿಲ್ಲ ನಿಲ್ಲ. ಅದರ ಮ್ಯಾಲೆ ಏನ್ ಬರದದ?"

"ಎಲ್ಲಿ?"

ಎದ್ದು ಹೋಗಿ ಗೋಡೆಗೆ ಬೆರಳಿಟ್ಟರು. ಎಲೆಯ ಪಕ್ಕ, ಪ್ಲಾಸ್ಟಿಕ್ಕಿನ ಮೇಲೆ ಅಳಿಸಿ ಅಳಿಸಿ ಉಳಿದ ಮಾರ್ಕರಿನ ನೆರಳು. ಫೋಟೋದಲ್ಲಿ ನನಗೆಂದೂ ಕಂಡಿರಲಿಲ್ಲ. ಗೋಡೆಯಷ್ಟು ದೊಡ್ಡದಾದಾಗ ಮಾತ್ರ ಓದಲು ಬಂತು. ಮೆಂತ್ಯಾ.

"ನನ್ನ ಅಕ್ಷರ!" ಅಕ್ಕ ನಕ್ಕುಬಿಟ್ಟರು. "ಅಮೆರಿಕಾದ ವಿಜ್ಞಾನಕ್ಕ ನನ್ನ ಮೆಂತ್ಯಾದ ಕವರ್!"

ಹಾಲಿನ ಕವರು ತೊಳೆದು ಅಡುಗೆಮನೆಯ ಗೋಡೆಗೆ ಅಂಟಿಸಿ ಒಣಗಿಸುವ ಮನೆಗಳಿಂದ ಬಂದವರು ನಾವು. ಜಿಪ್ ಕವರನ್ನು ಒಮ್ಮೆ ಬಳಸಿ ಎಸೆಯಲು ನಮ್ಮ ಕೈ ಏಳುವುದಿಲ್ಲ. ಸಿಂಕಿನ ಪಕ್ಕ ಲೋಟಗಳಿಗೆ ತೊಡಿಸಿದ ಒದ್ದೆ ಕವರುಗಳ ಸಾಲು ಸದಾ ಇರುತ್ತಿತ್ತು. ಲ್ಯಾಬಿನ ಉಳಿದವರು ಪ್ರತಿ ಸಲ ಹೊಸ ಕವರು ಹರಿಯುವಾಗ, ಈ ದೇಶ ಮುಳುಗುವುದು ಇದರಿಂದಲೇ ಎಂದು ಭಾಷಣ ಮಾಡಿದವಳೂ ನಾನೇ.

"ಹಳೇ ಕವರು. ಆದ್ರೆ ಏನೀಗ? ತೊಳೆದದ್ದಲ್ವಾ?" ಎಂದೆ.

ಅಕ್ಕ ನಗು ನಿಲ್ಲಿಸಿದರು. ಆಫೀಸಿನಲ್ಲಿ ಹೀಗೆಯೇ ಮುಖ ಮಾಡುತ್ತಿದ್ದರೇನೋ. "ತೊಳದದ್ದು ಯಾವಾಗ? ಮೆಂತ್ಯಾ ಡಬ್ಬಿಗೆ ಸುರದು ಈ ಕವರ್ ನಿನಗ ಕೊಟ್ಟದ್ದು ಜೂನ್‌ನಾಗ. ನೀ ದ್ವೀಪಕ್ಕ ಹೋಗೂಕಿಂತ ಮೊದಲ ಇಲ್ಲೇ ಬೀಚಿಗೆ ಪ್ರ್ಯಾಕ್ಟೀಸ್ ಅಂತ ಹೋಗಿದ್ದಿ ಅಲ್ಲಾ?"

ಹೋಗಿದ್ದೆ. ಜೆರ್ಸಿ ಕಡಲತೀರದ ಕಲ್ಲಿನ ಕಟ್ಟೆಯ ಮೇಲೆ ಪಾಚಿ ಕಿತ್ತು ಅಭ್ಯಾಸ ಮಾಡಿದ್ದೆ. ಅಲ್ಲಿ ಈ ಕೆಂಪೆಲೆ ಧಾರಾಳವಾಗಿತ್ತು.

"ಬಂದು ಎಲ್ಲಾ ಕವರ್ ಸಿಂಕಿನಾಗ ಒಗದಿ. ತೊಳದಾಕಿ ನಾನು. ಒಂದ್ ಕೈಯಾಗ ಫೋನು, ಅವ್ವನ ಜೋಡಿ ಮಾತು. ಎಷ್ಟ್ ಚಂದ ತೊಳದೇನಿ ಅಂತ ನನಗ ಗೊತ್ತದ ತಂಗಿ. ಮೂಲ್ಯಾಗ ಏನರ ಅಂಟಿದ್ರೂ ಅಂಟಿರತದ."

"ಅಂಟಿದ್ರೂ ಒಣಗಿರುತ್ತೆ. ಫೋಟೋದಲ್ಲಿ ನೋಡಿ, ಎಷ್ಟು ತಾಜಾ ಇದೆ."

ಹೇಳಿದ ಕೂಡಲೇ ನನ್ನ ತಲೆಯೊಳಗಿನ ವಿರೋಧ ಪಕ್ಷ ಎದ್ದು ನಿಂತಿತು. ಪರೀಕ್ಷೆ ಮಾಡದೆ ಕೂರಲಾಗಲಿಲ್ಲ. ಜೂನ್ ತಿಂಗಳಲ್ಲಿ ಕಾಗದದ ಮೇಲೆ ಒತ್ತಿ ಒಣಗಿಸಿದ್ದ ಜೆರ್ಸಿಯ ಎಲೆಯ ಒಂದು ಚೂರನ್ನು ಬಟ್ಟಲಿನ ಉಪ್ಪುನೀರಿಗೆ ಹಾಕಿದೆ. ಅಕ್ಕ ಚಹಾಕ್ಕಿಟ್ಟರು. ಚಿಪ್ಪಿನಂತೆ ಗರಿಗರಿಯಾಗಿದ್ದ ಚೂರು ಮೊದಲು ಅಂಚು ಬಿಚ್ಚಿತು, ಆಮೇಲೆ ಹಿಗ್ಗಿತು, ಮತ್ತೆ ಮೃದುವಾಗಿ ನೀರಿನಲ್ಲಿ ಹರಡಿ ನಿಂತಿತು. ಈಗಷ್ಟೇ ಕಿತ್ತ ಹಾಗೆ.

"ಚಾನೂ ಆತು, ನಿನ್ನ ಎಲಿನೂ ಆತು," ಎಂದರು ಅಕ್ಕ ಮೆಲ್ಲಗೆ.

"ಇದರಿಂದ ಏನೂ ಸಾಬೀತಾಗಲ್ಲ. ಹಾಗೆ ಆಗಿರಬಹುದು ಅಂತ ಮಾತ್ರ. ಆಗಿದೆ ಅಂತ ತೋರಿಸೋ ಜವಾಬ್ದಾರಿ ಎದುರಾಳೀದು."

"ಎದುರಾಳಿ ಯಾರಲ್ಲಿ?"

"ಯಾರೂ ಇಲ್ಲ. ಅಲ್ಲಿ ಕನ್ನಡ ಓದೋರೇ ಇಲ್ಲ."

"ಹಂಗಾರ ಇನ್ನೇನ್ ಬೇಕು, ಗೆಲ್ಲು." ಲೋಟ ನನ್ನ ಮುಂದಿಟ್ಟರು. "ನಮ್ಮಲ್ಲಿ ಒಂದ್ ಪದ್ಧತಿ ಅದ. ಏನರ ವಿಚಿತ್ರ ಕಂಡ್ರ ಸ್ವಚ್ಛ ಮಷೀನ್‌ನಾಗ ಇನ್ನೊಮ್ಮೆ ಮಾಡಿ ನೋಡ್ತೇವಿ. ಮತ್ತ ಬಂತೋ, ಖರೆ. ಬರಲಿಲ್ಲೋ, ಬಾಯಿ ಮುಚ್ಚಿಕೊಂಡು ಮುಂದಿನ ಕೆಲಸ. ನೀನೂ ಹೊಸ ಕವರ್ ತೊಗೊಂಡು ಇನ್ನೊಮ್ಮೆ ಹೋಗಿ ನೋಡು."

"ಇನ್ನೊಮ್ಮೆ ಹೋಗಬೇಕಾದ್ರೆ ಈ ಎಲೆ ಬೇಕು ಅಕ್ಕಾ! ಈ ಎಲೆ ನಿಜ ಅನ್ನಬೇಕಾದ್ರೆ ಇನ್ನೊಮ್ಮೆ ಹೋಗಬೇಕು. ತೊಂದ್ರೇನೇ ಅದು."

ಅಕ್ಕ ಚುರುಮುರಿ ತಟ್ಟೆ ನನ್ನ ಕಡೆ ತಳ್ಳಿದರು.

ಆ ವಾರ ನಾನು ಒಂದು ಕಡೆ ಕೂತದ್ದು ನೆನಪಿಲ್ಲ. ಲ್ಯಾಬಿನಿಂದ ಮನೆಗೆ ಬರುವ ದಾರಿ ಬಿಟ್ಟು ಹೈವೇಗೆ ಏರಿ, ಎಲ್ಲಿಗೆಂದಿಲ್ಲದೆ ಡ್ರೈವ್ ಮಾಡಿ, ಯಾವುದೋ ಎಕ್ಸಿಟ್‌ನಲ್ಲಿ ಇಳಿದು ತಿರುಗಿ ಬರುತ್ತಿದ್ದೆ. ಕಾರಿನೊಳಗೆ ಜೋರಾಗಿ ಪರ ಮಾತಾಡುತ್ತಿದ್ದೆ: ಸೀಳಿನೊಳಗೆ ಕೈ ಹಾಕಿದ್ದು ನಾನು, ಇತರ ಪಾಚಿಗಳೆಲ್ಲ ಅಲ್ಲಿಯವೇ, ಸಮುದ್ರ ಬಿಸಿಯಾಗುತ್ತಿರುವುದು ಸುಳ್ಳೇ? ಮುಂದಿನ ಸಿಗ್ನಲ್ಲಿನಲ್ಲಿ ವಿರೋಧ: ಬಂಡೆಗೆ ಅಂಟಿಕೊಂಡದ್ದನ್ನು ನೀನು ಕಂಡೆಯಾ? ಇಲ್ಲ. ಕವರಿನೊಳಗೆ ತೇಲುತ್ತಿದ್ದದ್ದನ್ನು ಕಂಡೆ. ಪರದ ಮಾತುಗಳು ಹೆಚ್ಚಿದ್ದವು, ಚೆಂದವಾಗಿಯೂ ಇದ್ದವು. ವಿರೋಧದ್ದು ಒಂದೇ ಮಾತು. ಕಾಲೇಜಿನ ತೀರ್ಪುಗಾರರಾಗಿದ್ದರೆ ಪರಕ್ಕೇ ಷೀಲ್ಡ್ ಕೊಡುತ್ತಿದ್ದರು. ಅದು ಗೊತ್ತಿದ್ದದ್ದರಿಂದಲೇ ಪರದ ಮೇಲೆ ನನಗೆ ನಂಬಿಕೆ ಹೋಗುತ್ತ ಬಂತು.

ಕಮಿಟಿಯ ದಿನ ಆ ಸ್ಲೈಡನ್ನು ತೆಗೆಯಲಿಲ್ಲ. ಹಾಕಿದೆ. ಹಾಕಿ, ಈ ಅಕ್ಷರಗಳು ಒಂದು ಅಡುಗೆ ಕಾಳಿನ ಹೆಸರು, ಈ ಕವರು ನಮ್ಮ ಅಡುಗೆಮನೆಯಿಂದ ಜೆರ್ಸಿ ತೀರಕ್ಕೂ ಅಲ್ಲಿಂದ ದ್ವೀಪಕ್ಕೂ ಹೋಗಿದೆ, ಆದ್ದರಿಂದ ಈ ಎಲೆಯನ್ನು ದ್ವೀಪದ ಜಾತಿಗಳಲ್ಲಿ ಸೇರಿಸಕೂಡದು ಎಂದೆ. ಪ್ರೊಫೆಸರ್ ಕನ್ನಡಕ ಏರಿಸಲಿಲ್ಲ. ತೆಗೆದು ಮೇಜಿನ ಮೇಲಿಟ್ಟರು.

ಆಗ ಕಮಿಟಿಯ ಒಬ್ಬ ಮುದುಕರು ಎಲೆಯ ಪರ ನಿಂತರು. ಇಷ್ಟು ಕಠಿಣವಾಗಬೇಡ, ಸಂದೇಹದ ಗುರುತು ಹಾಕಿ ಉಳಿಸಿಕೊಳ್ಳಬಹುದಲ್ಲ, ಆ ಕಡೆ ನೀರು ಬೆಚ್ಚಗಾಗುತ್ತಿರುವುದು ನಿಜವಿರಬಹುದಲ್ಲ ಎಂದರು. ನಾನು ವಾರವಿಡೀ ಕಾರಿನಲ್ಲಿ ಆಡಿದ ಮಾತುಗಳನ್ನೇ ಒಂದೊಂದಾಗಿ ಅವರು ಆಡುತ್ತಿದ್ದರು. ಒಂದೊಂದಕ್ಕೂ ನನ್ನಲ್ಲಿ ಉತ್ತರ ಸಿದ್ಧವಿತ್ತು. ಬಟ್ಟಲಿನ ಚೂರು ಚಹಾ ಕುದಿಯುವುದರೊಳಗೆ ಬಿಚ್ಚಿಕೊಂಡದ್ದನ್ನು ಹೇಳಿದೆ. ಅವರು ಕೈಚೆಲ್ಲಿ ನಕ್ಕು, ನೀನು ಗೆದ್ದೆ ಎಂದರು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಬೇರೆಂದೂ ವಾದಿಸಿಲ್ಲ.

ಪಿಎಚ್.ಡಿ.ಗೆ ತೆಗೆದುಕೊಂಡರು. ದ್ವೀಪದ ಜಾಗ ಇನ್ನೊಬ್ಬ ವಿದ್ಯಾರ್ಥಿಗೆ ಹೋಯಿತು. ಅವನ ಭಾಷಣದಲ್ಲಿ ಬಿದ್ದುಹೋಗುವಂಥದ್ದೇನೂ ಇರಲಿಲ್ಲ. ನನಗೆ ಜೆರ್ಸಿಯ ಕಟ್ಟೆಗಳು. ಪ್ರೊಫೆಸರ್ ಕಾರಿಡಾರಿನಲ್ಲಿ ನಿಲ್ಲಿಸಿ, ಸರಿಯಾದದ್ದನ್ನೇ ಮಾಡಿದೆ ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, ಎಲೆ ನಿಜವಿದ್ದರೂ ಇದ್ದಿರಬಹುದು, ಅಲ್ಲವೇ ಎಂದರು. ಅದನ್ನು ಅವರು ಹೇಳಬಾರದಿತ್ತು.

ಮನೆಯಲ್ಲಿ ಅಕ್ಕ ಬಾಗಿಲಲ್ಲೇ ಕೇಳಿದರು. "ಗೆದ್ದಿ ಏನು?"

"ಗೆದ್ದೆ."

"ಮತ್ತ್ಯಾಕ ಮಾರಿ ಹಿಂಗ?"

ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. ಮಾಡಿದ್ದರೆ ಅದನ್ನೂ ಖಂಡಿಸುತ್ತಿದ್ದೆ.

ಮುಂದಿನ ಬೇಸಿಗೆ ಆ ಹುಡುಗ ದ್ವೀಪಕ್ಕೆ ಹೊರಟಾಗ ಸೀಳು ಎಲ್ಲಿದೆ ಎಂದು ಚಿತ್ರ ಬರೆದು ಕೊಟ್ಟೆ. ಅವನು ಅಲ್ಲಿದ್ದಷ್ಟು ದಿನವೂ ನಾನು ಜೆರ್ಸಿಯ ಬಿಸಿಲಿನಲ್ಲಿ ಕಟ್ಟೆಯ ಮೇಲೆ ಬಗ್ಗಿ, ಅದೇ ಕೆಂಪೆಲೆಗಳ ನಡುವೆ ಚೌಕಟ್ಟು ಇಡುತ್ತ, ಅಲ್ಲಿ ಈಗ ನೀರು ಇಳಿದಿರುತ್ತದೆ, ಈಗ ಏರುತ್ತಿರುತ್ತದೆ ಎಂದುಕೊಳ್ಳುತ್ತಿದ್ದೆ. ಅವನು ಮರಳಿದ ದಿನ ಲ್ಯಾಬಿನ ಬಾಗಿಲಲ್ಲೇ ಹಿಡಿದೆ.

ನೋಡಿದೆ, ಕಾಣಲಿಲ್ಲ ಎಂದ.

ನೀರು ಪೂರ್ತಿ ಇಳಿದಿತ್ತೇ ಎಂದೆ. ಬಹುಮಟ್ಟಿಗೆ ಎಂದ. ಬಹುಮಟ್ಟಿಗೆ ಎಂದರೆ ಎಷ್ಟು? ಸೀಳಿನ ತಳ ಕಂಡಿತೇ? ತಳ ನೀರಿನಲ್ಲಿತ್ತು. ಹಾಗಾದರೆ ಕೈ ಹಾಕಿ ನೋಡಿದೆಯಾ?

ಅವನು ಬ್ಯಾಗು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ನೀರು ತುಂಬ ತಣ್ಣಗಿತ್ತು ಎಂದ.