ನೇಕಾರರ ಬೀದಿಗೆ ಬಂದ ಮೋಟಾರು

ಎಪ್ಪತ್ತರ ದಶಕದ ಮಧ್ಯಭಾಗ. ನಾನಾಗ ವಿದ್ಯುತ್ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರ್. ವಿಜಯನಗರದ ಭಾಗ ನನ್ನ ಪಾಲಿಗೆ ಬಂದಿತ್ತು. ಸುತ್ತ ಎಲ್ಲಿ ನೋಡಿದರೂ ಹೊಸ ಮನೆಗಳು ಏಳುತ್ತಿದ್ದ ಕಾಲ. ‘ಸಾರ್, ಗೃಹಪ್ರವೇಶದೊಳಗೆ ಕರೆಂಟ್ ಬರಲೇಬೇಕು’ ಎಂದು ಬೆಳಿಗ್ಗೆಯೇ ಜನ ಆಫೀಸಿನ ಬಾಗಿಲಲ್ಲಿ ನಿಂತಿರುತ್ತಿದ್ದರು. ಕರೆಂಟ್ ಕೊಡಬೇಡಿ ಎಂದು ಕೇಳಲು ಬಂದವರನ್ನು ನನ್ನ ಸೇವಾವಧಿಯಲ್ಲಿ ನೋಡಿದ್ದು ಒಂದೇ ಸಲ.

ಮಾಗಡಿ ರಸ್ತೆಯಿಂದ ಒಳಗೆ ಹೋದರೆ ನೇಕಾರರ ಒಂದು ಬೀದಿಯಿತ್ತು. ಅಲ್ಲಿಯ ತಿಮ್ಮಯ್ಯ ಎಂಬವರು ಒಂದು ಎಚ್‌ಪಿ ಮೋಟಾರಿಗೆ ಅರ್ಜಿ ಹಾಕಿದ್ದರು. ಸ್ಥಳ ಪರಿಶೀಲನೆಗೆ ಹೋದೆ. ಬೀದಿಯುದ್ದಕ್ಕೂ ಕೈಮಗ್ಗದ ಸದ್ದು. ತಿಮ್ಮಯ್ಯನವರ ಮನೆಯಲ್ಲಿ ಮಾತ್ರ ಮಗ್ಗ ಸುಮ್ಮನಿತ್ತು. ಲಾರಿ ಗುದ್ದಿ ಅವರ ಬಲಗಾಲು ಸ್ವಾಧೀನ ತಪ್ಪಿತ್ತು. ಕೈಮಗ್ಗದಲ್ಲಿ ನೇಕಾರ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯುತ್ತಲೇ ಇರಬೇಕು. ಅದು ಅವರಿಂದ ಆಗುತ್ತಿರಲಿಲ್ಲ. ಮೋಟಾರಿನಿಂದ ನಡೆಯುವ ಪವರ್‌ಲೂಮ್ ಆದರೆ ಎಳೆ ಕಡಿದಾಗ ಕೈಯಿಂದ ಕಟ್ಟಿದರೆ ಸಾಕು. ಹಳೆಯ ಪವರ್‌ಲೂಮ್ ಒಂದನ್ನು ತಂದು ಹಿಂದಿನ ಕೋಣೆಯಲ್ಲಿ ನಿಲ್ಲಿಸಿಯೂ ಇದ್ದರು.

ಮಾರನೆಯ ದಿನ ತಿಮ್ಮಯ್ಯನವರ ಅಣ್ಣ ರಾಮಯ್ಯ ಆಫೀಸಿಗೆ ಬಂದರು. ಅವರು ಆ ಬೀದಿಯ ಯಜಮಾನರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ದೀಪಕ್ಕೆ ಎಷ್ಟು ಬೇಕಾದ್ರೂ ಕರೆಂಟ್ ಕೊಡಿ ಸಾರ್. ಮಗ್ಗಕ್ಕೆ ಬೇಡ. ಅದು ನಮ್ಮ ಬೀದಿ ಮಾಡ್ಕೊಂಡಿರೋ ಕಟ್ಟುಪಾಡು” ಎಂದರು.

ಕಾರಣವನ್ನೂ ಅವರೇ ವಿವರಿಸಿದರು. ನೂಲನ್ನು ಇಡೀ ಬೀದಿ ಒಟ್ಟಿಗೆ ತರುತ್ತಿತ್ತು. ನೂಲಿಗೆ ಬಣ್ಣ ಹಾಕುವ ಒಲೆ ಎಲ್ಲರಿಗೂ ಒಂದೇ. ನೇಯ್ದ ಸೀರೆಗಳು ಚಿಕ್ಕಪೇಟೆಯ ಒಂದೇ ಅಂಗಡಿಗೆ, ಒಂದೇ ಗಂಟಿನಲ್ಲಿ ಹೋಗುತ್ತಿದ್ದವು. ಒಬ್ಬರ ಮನೆಗೆ ಯಂತ್ರ ಬಂದರೆ ಅದು ಹಲವರ ಕೆಲಸವನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತದೆ. ಆಮೇಲೆ ಉಳಿದ ಮಗ್ಗಗಳ ಗತಿ?

“ನಿಮ್ಮ ತಮ್ಮನ ಗತಿ?” ಎಂದು ಕೇಳಿದೆ.

“ಅವನ ಮನೆ ಒಲೆ ಒಂದಿನಾನೂ ಆರಿಲ್ಲ ಸಾರ್. ನಾವೆಲ್ಲ ಇದೀವಿ.”

ಆ ಮಾತು ನಿಜವೇ ಎಂದು ತಿಳಿಯಲು ಮತ್ತೆ ತಿಮ್ಮಯ್ಯನವರ ಬಳಿ ಹೋದೆ. ಅವರು ಹೌದೆಂದು ತಲೆಯಾಡಿಸಿದರು. “ಊಟಕ್ಕೇನೂ ತೊಂದ್ರೆ ಇಲ್ಲ ಸಾರ್. ದಿನಾ ಯಾರಾದ್ರೂ ತಂದು ಕೊಡ್ತಾರೆ. ದುಡೀದೆ ಕೂತ್ಕೊಂಡು ಉಣ್ಣೋಕೆ ಆಗ್ತಿಲ್ಲ, ಅಷ್ಟೇ.”

ಅಲ್ಲಿಂದ ನನಗೆ ಕಳವಳ ಹತ್ತಿಕೊಂಡಿತು. ಇಬ್ಬರಲ್ಲಿ ಯಾರನ್ನೂ ತಪ್ಪು ಎನ್ನಲು ಬಾಯಿ ಬರುತ್ತಿರಲಿಲ್ಲ. ಮೇಲಧಿಕಾರಿಯ ಮುಂದೆ ವಿಷಯ ಇಟ್ಟಾಗ ಅವರು ತಲೆ ಎತ್ತದೆ ಕೇಳಿದರು: “ಅರ್ಜಿ ಸರಿಯಾಗಿದೆಯೇನ್ರೀ?” ಸರಿಯಾಗಿತ್ತು. “ಮತ್ತೇನು? ಕನೆಕ್ಷನ್ ಕೊಡಿ. ನಾವೇನು ಪಂಚಾಯ್ತಿ ಮಾಡೋಕೆ ಕೂತಿದೀವಾ?”

ವೈರ್ ಎಳೆಯುವ ದಿನ ಗಲಾಟೆಯಾಗಬಹುದೆಂದು ಹೆದರಿದ್ದೆ. ಯಾರೂ ಅಡ್ಡ ಬರಲಿಲ್ಲ. ಲೈನ್‌ಮನ್ ಕೆಂಪಣ್ಣ ಕಂಬ ಹತ್ತಿ ಇಳಿದ. ತಿಮ್ಮಯ್ಯ ಸ್ವಿಚ್ ಒತ್ತಿದರು, ಪವರ್‌ಲೂಮ್ ಧಡಧಡ ಎಂದು ಶುರುವಾಯಿತು. ಆಗ ಬೀದಿಯ ಕೈಮಗ್ಗಗಳು ಒಂದೊಂದಾಗಿ ನಿಂತವು. ಎಲ್ಲ ಮನೆಯವರೂ ಕೆಲಸ ಬಿಟ್ಟು ಆ ಸದ್ದನ್ನೇ ಕೇಳುತ್ತಿದ್ದರು. ತಿಮ್ಮಯ್ಯನವರ ಮುಖದಲ್ಲಿದ್ದ ನಗು ಅಲ್ಲೇ ಇಳಿದುಹೋಯಿತು. ನಾವು ಏಣಿ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಬಂದೆವು.

ಆಮೇಲೆ ಯಾವ ಕೆಲಸ ಮಾಡುತ್ತಿದ್ದರೂ ಮನಸ್ಸು ಆ ಬೀದಿಗೇ ಓಡುತ್ತಿತ್ತು. ಅತ್ತಿಗುಪ್ಪೆಯ ಕಡೆ ಹೋಗಬೇಕಾದಾಗಲೂ ಸೈಕಲ್ಲನ್ನು ಆ ದಾರಿಗೆ ತಿರುಗಿಸಿ, ಬೀದಿಯ ತುದಿಯಲ್ಲಿ ನಿಂತು ಕಿವಿಗೊಡುತ್ತಿದ್ದೆ. ಒಂದು ದಿನ ಪವರ್‌ಲೂಮಿನ ಸದ್ದು ನಿಂತಿತ್ತು.

ಅದೇ ವಾರ ರಾಮಯ್ಯ ದೂರು ಕೊಟ್ಟರು: ಆ ಮೋಟಾರು ಹಾಕಿದಾಗಲೆಲ್ಲ ಬೀದಿಯ ದೀಪಗಳು ಮಂಕಾಗುತ್ತಿದ್ದವು, ಆದ್ದರಿಂದ ಕನೆಕ್ಷನ್ ಕಿತ್ತುಹಾಕಬೇಕು. ಕೆಂಪಣ್ಣನ ಜೊತೆ ಹೋಗಿ ಪರೀಕ್ಷಿಸಿದೆ. ಕಂಬದ ಮೇಲೆ ಕರೆಂಟ್ ಮೂರು ಫೇಸ್‌ಗಳಲ್ಲಿ, ಅಂದರೆ ಮೂರು ಬೇರೆ ಬೇರೆ ತಂತಿಗಳಲ್ಲಿ ಬರುತ್ತದೆ. ಬೀದಿಯ ದೀಪ, ಮನೆಗಳ ದೀಪ, ಈ ಮೋಟಾರು ಎಲ್ಲದರ ಹೊರೆಯೂ ಒಂದೇ ಫೇಸ್ ಮೇಲೆ ಬಿದ್ದಿತ್ತು. ಹಂಚಿಬಿಟ್ಟರೆ ಮುಗಿಯಿತು. ರಾಮಯ್ಯ ಪಕ್ಕದಲ್ಲೇ ನಿಂತು ನನ್ನ ಉತ್ತರಕ್ಕೆ ಕಾಯುತ್ತಿದ್ದರು. ‘ತಾಂತ್ರಿಕ ಕಾರಣ’ ಎಂದು ಒಂದು ಮಾತು ಹೇಳಿದ್ದರೆ ಬೀದಿಯ ಜಗಳವೂ ತೀರುತ್ತಿತ್ತು, ನನ್ನ ಸಂಕಟವೂ ತೀರುತ್ತಿತ್ತು.

“ತಪ್ಪು ಮೋಟಾರಿನದಲ್ಲ ಯಜಮಾನ್ರೇ, ನಮ್ಮ ಲೈನಿನದು. ಇವತ್ತೇ ಸರಿ ಮಾಡ್ತೀವಿ” ಎಂದೆ.

ಆಗಲೇ ಬೀದಿಯ ಆ ತುದಿಯಲ್ಲಿ ತಿಮ್ಮಯ್ಯನವರ ಹೆಂಡತಿ ಚೌಡಮ್ಮ ಕಂಡರು. ಮಗ್ಗಕ್ಕೆ ಏರಿಸುವ ಮೊದಲು ಉದ್ದನೆಯ ಎಳೆಗಳ ಹಾಸನ್ನು ಬೀದಿಯಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಹಚ್ಚಿ, ಒಣಗುವುದರೊಳಗೆ ಕುಂಚದಿಂದ ಬಾಚಬೇಕು. ಅದು ಒಂದು ಮನೆಯ ಕೈಗಳಿಂದ ಆಗುವ ಕೆಲಸವಲ್ಲ. ಯಾರ ಹಾಸಿದ್ದರೂ ಅಕ್ಕಪಕ್ಕದವರು ಸೇರುತ್ತಿದ್ದರು. ಮೋಟಾರು ಬಂದ ಮೇಲೆ ತಿಮ್ಮಯ್ಯನವರ ಹಾಸು ಹಿಡಿಯಲು ಯಾರೂ ಬಂದಿರಲಿಲ್ಲ. ಪವರ್‌ಲೂಮ್ ನಿಂತದ್ದು ಅದಕ್ಕೇ. ಆ ದಿನ ಗಂಡ ಹೆಂಡತಿ ಇಬ್ಬರೇ ಇಳಿದಿದ್ದರು. ತಿಮ್ಮಯ್ಯ ಊರುಗೋಲಿಗೆ ಒರಗಿ ಒಂದು ತುದಿ ಹಿಡಿದಿದ್ದರು. ಗಂಜಿ ಹಚ್ಚಿಯಾಗಿತ್ತು, ಬಿಸಿಲು ಏರುತ್ತಿತ್ತು, ಎಳೆಗಳು ಒಂದಕ್ಕೊಂದು ಅಂಟತೊಡಗಿದ್ದವು. ಜನ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಓಡಿ ಹೋಗಿ ಹಾಸಿನ ಅಂಚಿಗೆ ಕೈ ಹಾಕಿದೆ.

“ಬಿಡಿ ಸಾರ್” ಎಂದರು ಚೌಡಮ್ಮ. “ನೀವು ಇವತ್ತು ಹಿಡೀತೀರಿ. ನಾಳೆ ಬರ್ತೀರಾ?”

ಕೈ ಹಿಂದಕ್ಕೆ ತೆಗೆದುಕೊಂಡೆ. ಆಕೆ ರಾಮಯ್ಯನವರ ಕಡೆ ತಿರುಗಿದರು. ಸೆರಗು ಸರಿಪಡಿಸಿಕೊಂಡರೂ ದನಿ ತಗ್ಗಿಸಲಿಲ್ಲ.

“ಭಾವಾ, ಇವ್ರಿಗೆ ಬದುಕಿರೋವರ್ಗೂ ಅನ್ನ ಹಾಕ್ತೀನಿ ಅಂದ್ರಿ. ಒಂದು ಗಳಿಗೆ ಎಳೆ ಹಿಡಿಯೋಕಾಗಲ್ವಾ? ಇವ್ರು ಸುಮ್ನೆ ಬಿದ್ದಿದ್ರೆ ಮಾತ್ರಾನಾ ನಿಮ್ಮ ತಮ್ಮ?”

ಮೊದಲು ಇಳಿದು ಬಂದದ್ದು ರಾಮಯ್ಯನವರ ಹೆಂಡತಿ. ಗಂಡನ ಮುಖ ನೋಡದೆ ನೇರ ಹೋಗಿ ಹಾಸಿನ ನಡುವೆ ಕೈ ಹಾಕಿದರು. ಮತ್ತಿಬ್ಬರು ಹೆಂಗಸರು ಹಿಂದೆಯೇ ಬಂದರು. ರಾಮಯ್ಯ ಇನ್ನಷ್ಟು ಹೊತ್ತು ನಿಂತೇ ಇದ್ದರು. ಕೊನೆಗೆ ಪಂಚೆ ಎತ್ತಿಕಟ್ಟಿ, “ಹಿಂಗಾ ಬಾಚೋದು? ಎಲ್ಲಾ ಹಾಳ್ ಮಾಡ್ತೀರ, ಕೊಡಿ ಇಲ್ಲಿ” ಎಂದು ಬೈಯುತ್ತಲೇ ಕುಂಚ ಕಸಿದುಕೊಂಡರು.

ಹಾಸು ಒಣಗಿದ ಮೇಲೆ ಅಣ್ಣತಮ್ಮಂದಿರು ಜಗಲಿಯಲ್ಲಿ ಕೂತರು. ಕೆಂಪಣ್ಣ ಕಂಬದ ಮೇಲೆ ಫೇಸ್ ಬದಲಿಸುತ್ತಿದ್ದ. ನಾನು ಕೆಳಗೆ ನಿಂತಿದ್ದೆ. ಮಾತು ಕೇಳಿಸುತ್ತಿತ್ತು.

“ಅಂಚಿಲ್ದಿರೋ ಬರೀ ಬಟ್ಟೆ ನೇಯ್ಕೋ. ಲಂಗದ್ದು, ಅಸ್ತರಿಂದು. ಅದನ್ನ ನಮ್ಮಲ್ಲಿ ಯಾರೂ ನೇಯಲ್ಲ. ಅಂಚಿನ ಸೀರೆ ಮಾತ್ರ ಆ ಯಂತ್ರದಲ್ಲಿ ಬೇಡ” ಎಂದರು ರಾಮಯ್ಯ.

ಆ ಬೀದಿಯಲ್ಲಿ ಅಂಚು ನೇಯುವುದರಲ್ಲಿ ತಿಮ್ಮಯ್ಯನವರದೇ ಎತ್ತಿದ ಕೈ ಎಂದು ಚೌಡಮ್ಮ ಆಮೇಲೆ ನನಗೆ ಹೇಳಿದರು. “ಆಯ್ತಣ್ಣ” ಎಂದಷ್ಟೇ ಹೇಳಿ ತಿಮ್ಮಯ್ಯ ಊರುಗೋಲು ಹಿಡಿದು ಎದ್ದರು. ಮಾರನೆಯ ದಿನದಿಂದ ಪವರ್‌ಲೂಮ್ ನಡೆಯಿತು. ಬಟ್ಟೆ ಬೀದಿಯ ಗಂಟಿನಲ್ಲೇ ಚಿಕ್ಕಪೇಟೆಗೆ ಹೋಯಿತು.

ವರ್ಷ ಕಳೆಯುವುದರೊಳಗೆ ಅದೇ ಬೀದಿಯಿಂದ ಇನ್ನೊಂದು ಮೋಟಾರಿನ ಅರ್ಜಿ ಬಂತು. ಅರ್ಜಿದಾರನಿಗೆ ಎರಡು ಕಾಲೂ ಗಟ್ಟಿಯಾಗಿದ್ದವು. ಅದು ಇತ್ಯರ್ಥವಾಗುವ ಮೊದಲೇ ನನಗೆ ವರ್ಗವಾಯಿತು. ರಾಮಯ್ಯ ಅವನಿಗೆ ಏನು ಹೇಳಿದರೋ ತಿಳಿಯದು. ಈಗಲೂ ನೆನೆದರೆ ಮನಸ್ಸಿಗೆ ಸಮಾಧಾನವಿಲ್ಲ.

ಅರ್ಜಿ ಸರಿಯಾಗಿದ್ದರೆ ಕನೆಕ್ಷನ್ ಕೊಡಲೇಬೇಕು. ಆ ವಿಷಯದಲ್ಲಿ ನನ್ನ ಮೇಲಧಿಕಾರಿ ಹೇಳಿದ್ದು ಸರಿ. ಆದರೆ ಸ್ವಿಚ್ ಹಾಕಿದಲ್ಲಿಗೆ ನಮ್ಮ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಆ ಬೀದಿ ಕಲಿಸಿತು. ಮುಂದೆ ಎಲ್ಲಿಗೆ ವರ್ಗವಾದರೂ, ಹೊಸ ಮೋಟಾರಿಗೆ ಕರೆಂಟ್ ಕೊಟ್ಟ ಮೇಲೆ ಕೆಲವು ದಿನ ಬಿಟ್ಟು, ಯಾರೂ ಕರೆಯದಿದ್ದರೂ ಅಲ್ಲಿಗೆ ಒಮ್ಮೆ ಹೋಗಿಬರುತ್ತಿದ್ದೆ. ಮೊದಲು ಪಕ್ಕದ ಮನೆಯವರನ್ನು ಮಾತಾಡಿಸುತ್ತಿದ್ದೆ.