ಮುಚ್ಚಳದ ಒಳಗಿನ ಆರು ಹೆಸರು

ಮುದ್ದೇಬಿಹಾಳದ ಫಕೀರಸಾಬನಿಗೆ ತನ್ನ ಕೈಗುಣದ ಮೇಲೆ ಬಲು ಜಂಭ. ನಲವತ್ತು ವರ್ಷದಿಂದ ಹಳೆಯ ಕುರ್ಚಿ, ಪೆಟ್ಟಿಗೆ, ತೊಟ್ಟಿಲು ರಿಪೇರಿ ಮಾಡುತ್ತ ಬಂದವನು. “ಹಳೇದಂತ ಗೊತ್ತಾದ್ರ ಅದೇನ ಕೆಲಸರಿ?” ಎನ್ನುವನು. ಸಾಲಿಯ ಕಟ್ಟೆ ಹತ್ತಿದವನಲ್ಲ. ಕಟ್ಟಿಗೆಯ ಜಾತಿ ಮಾತ್ರ ಮೂಸಿಯೇ ಹೇಳುತ್ತಿದ್ದ.

ರಿಟೈರಾದ ಪಂಢರಿನಾಥ ಕುಲಕರ್ಣಿ ಮಾಸ್ತರರು ಮನೆತನದ ಡೆಸ್ಕು ತಂದಿಟ್ಟಾಗಲೂ ಮೂಸಿ, “ಅಸಲಿ ಸಾಗವಾನಿ” ಎಂದ. ನೆಲದ ಮೇಲೆ ಕೂತು ಬರೆಯುವ, ಇಳಿಜಾರು ಮುಚ್ಚಳದ ಡೆಸ್ಕು; ಒಳಗೆ ಹಿತ್ತಾಳೆಯ ಮಸಿದೌತಿ, ಬರೆಯುವ ಬೋರುಕಡ್ಡಿಯ ಲೆಕ್ಕಣಿಕೆ. ಮಾಸ್ತರರ ಹಿರೀಕರು ಆರು ತಲೆಮಾರು ಊರ ದಫ್ತರ ಬರೆದದ್ದು ಅದರ ಮೇಲೆ. ಈಗ ಮೊಮ್ಮಗಳು ಗೌತಮಿಗೆ ಆಲಮೇಲದ ಕಡೆ ಊರ ಲೆಕ್ಕ ಬರೆಯುವ ತಲಾಟಿ ನೌಕರಿ ಹತ್ತಿತ್ತು; ಡೆಸ್ಕು ಇನ್ನು ಅವಳಿಗೆ. “ಕಾಲೊಂದು ಅಲುಗಾಡ್ತದ, ಗಟ್ಟಿ ಮಾಡಿಕೊಡು” ಎಂದಷ್ಟೇ ಹೇಳಿ ಮಾಸ್ತರರು ಹೋದರು.

ಅಷ್ಟಕ್ಕೇ ಬಿಟ್ಟರೆ ಅವನು ಫಕೀರಸಾಬನೇ ಅಲ್ಲ. ಮುಚ್ಚಳದ ಒಳಮೈಯಲ್ಲಿ ಕಪ್ಪು ಗೀಚುಗಳು ಕಂಡವು. ಯಾವುದೋ ಹುಡುಗರ ಕಿತಾಪತಿ ಎಂದು ರಂದಾ ಹೊಡೆದು ಹೆರೆದುಹಾಕಿದ. ಎದ್ದ ಚಕ್ಕೆಯನ್ನೇ ಒಲೆಗೆ ತುರುಕಿ, ಕಾಲು ಅಂಟಿಸಲು ಸರೇಸು ಕಾಯಿಸಿದ. ಕನ್ನಡಿಯಂಥ ಪಾಲಿಶು ಕೊಟ್ಟ.

ಮರುದಿನ ಮುಂಜಾನೆ ಅಜ್ಜ, ಮೊಮ್ಮಗಳು ಬಂದರು. ಮಾಸ್ತರರು ಮುಚ್ಚಳ ಎತ್ತಿದವರು ಹಾಗೇ ನಿಂತುಬಿಟ್ಟರು.

“ಹೆಸರೆಲ್ಲಿ ಫಕೀರಸಾಬ?”

“ಯಾವ ಹೆಸರ್ರಿ ಮಾಸ್ತರ್ರ?”

“ಚಾಕರಿಗೆ ಕೂತ ಮೊದಲ ದಿನ ಒಬ್ಬೊಬ್ಬರೂ ಇಲ್ಲಿ ಹಳೇ ದಫ್ತರದ ಮೋಡಿ ಅಕ್ಷರದಾಗ ಹೆಸರು ಬರೀತಿದ್ರು. ಏಳನೇದು ಇಕೀದು ಬರಸೋಣಂತಿದ್ದೆ.”

ಫಕೀರಸಾಬ ಒಲೆಯ ಕಡೆ ನೋಡಿದ. “ಒಲಿಗೆ ಹಾಕೇನ್ರಿ” ಎಂದ. ಬೈಯಲಿ, ಬೇಕಾದರೆ ಎರಡು ಬಾರಿಸಲಿ ಎಂದು ತಲೆ ತಗ್ಗಿಸಿ ನಿಂತ. ಮಾಸ್ತರರು ಖಾಲಿ ಮುಚ್ಚಳ ಸವರಿದರು.

ಗೌತಮಿಯೇ ಪೆನ್ನು ತೆಗೆದಳು. “ಹೋಗ್ಲಿ ಬಿಡ್ರಿ ಚಾಚಾ. ಅಜ್ಜಾ, ನೀ ಹೇಳು. ಆರೂ ಹೆಸರು ನಾ ಬರೀತೀನಿ.”

ಮಾಸ್ತರರು ಅಪ್ಪ, ಅಜ್ಜ, ಮುತ್ತಜ್ಜ ಮೂವರ ಹೆಸರು ಹೇಳಿ ತಡೆದರು.

“ಶ್ರಾದ್ಧದಾಗ ಹೇಳೂದು ಮೂರೇ ತಲಿ. ಅವರ ಹಿಂದಿನವರು ಯಾರೋ... ಮೋಡಿ ನನಗ ಓದಲಿಕ್ಕೆ ಬರೂದಿಲ್ಲ ಗೌತಮಿ. ಯಾರ ಕಡಿಂದರೆ ಓದಿಸಿದ್ರಾತಂತ ಇಷ್ಟು ವರ್ಷ ಬಿಟ್ಟೆ.”

ಫಕೀರಸಾಬ ಒಲೆಯ ಮುಂದೆ ಕೂತ. ಆ ಹಿಂದಿನ ಮೂವರ ಹೆಸರನ್ನು ಕಡೆಯದಾಗಿ ಕಂಡವನು ತಾನೊಬ್ಬನೇ. ಕಣ್ಣು ಮುಚ್ಚಿ, ಒಂದು ಗೆರೆಯಾದರೂ ನೆನಪಾದೀತೇ ಎಂದು ನೋಡಿದ. ಏನೂ ಮೂಡಲಿಲ್ಲ.